ಗುಳಿಗೆ ಒಂದೇ, ನಿರ್ಧಾರ ಎರಡು

ಉಪ್ಪಿನಬೆಟಗೇರಿ

ಚಿ. ಸೌ. ಮಗಳಿಗೆ,

ನಿನ್ನ ಪತ್ರ ಮುಟ್ಟಿತು. ಬಸುರಿಯ ರಕ್ತ ತಪಾಸಣೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂತು, ಅತ್ತೆಗೆ ಹೇಗೆ ಹೇಳಲಿ ಎಂದು ಕೇಳಿದ್ದೀ. ತಲೆ ತಗ್ಗಿಸುವಂಥದ್ದು ನೀನೇನೂ ಮಾಡಿಲ್ಲ. ಎಷ್ಟೋ ಮಂದಿಗೆ ಇದು ಹುಟ್ಟುವಾಗಲೇ ತಾಯಿಯಿಂದ ಬಂದಿರುತ್ತದೆ. ಒಂದೇ ತಾಟಿನಲ್ಲಿ ಉಂಡರೆ ಅಂಟುವ ರೋಗವಲ್ಲ. ರಕ್ತದಿಂದ, ಗಂಡ-ಹೆಂಡಿರ ಕೂಟದಿಂದ ಹರಡುತ್ತದೆ. ಅಳಿಯಂದಿರ ರಕ್ತವನ್ನೂ ತೋರಿಸಿ, ಸೋಂಕಿಲ್ಲದಿದ್ದರೆ ಲಸಿಕೆ ಹಾಕಿಸು.

‘ಗುಳಿಗೆ ಜೀವನಪೂರ್ತಿ ನುಂಗಬೇಕೇನು?’ ಎಂಬ ನಿನ್ನ ಪ್ರಶ್ನೆಯಲ್ಲಿ ಎರಡು ನಿರ್ಧಾರ ಕಲಸಿಕೊಂಡಿವೆ.

ಮೊದಲನೆಯದು ಕೂಸಿನದು. ಹುಟ್ಟುವಾಗ ಸೋಂಕು ತಗುಲಿದ ನೂರು ಕೂಸುಗಳಲ್ಲಿ ಸುಮಾರು 90ಕ್ಕೆ ಅದು ಕಾಯಂ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ನೂರರಲ್ಲಿ ಐವರಿಗೂ ಉಳಿಯುವುದಿಲ್ಲ. ಅದಕ್ಕೇ ಹೆರಿಗೆಯಾದ 24 ತಾಸಿನೊಳಗೆ ಕೂಸಿಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದು. ಹೆರಿಗೆ ಮಾಡಿಸುವಲ್ಲಿ ಅದು ಇದೆಯೇ ಎಂದು ಮುಂಚೆಯೇ ವಿಚಾರಿಸು. ಮುಂದೆ 6, 10, 14ನೇ ವಾರದ ಲಸಿಕೆಗಳೂ ತಪ್ಪಬಾರದು. ನಿನ್ನ ರಕ್ತದಲ್ಲಿ ವೈರಸ್ ಎಣಿಕೆ ಮಿಲಿಲೀಟರಿಗೆ 2 ಲಕ್ಷ ಯೂನಿಟ್ ಮುಟ್ಟಿದ್ದರೆ ಸಾಮಾನ್ಯವಾಗಿ 28ನೇ ವಾರದಿಂದ, ಅಂದರೆ ಕುಬಸ ಮಾಡುವ ಏಳನೇ ತಿಂಗಳಿಂದ, ಟೆನೊಫೊವಿರ್ ಗುಳಿಗೆ ಶುರು ಮಾಡುತ್ತಾರೆ. ಈ ಗುಳಿಗೆ ಕೂಸಿನ ಸಲುವಾಗಿ. ಹೆರಿಗೆಯ ನಂತರ ನಿಲ್ಲಿಸಲೂಬಹುದು.

ಎರಡನೆಯದು ನಿನ್ನ ಲಿವರಿನದು. ಅದೇ ಗುಳಿಗೆ, ಲೆಕ್ಕ ಬೇರೆ. ಲಿವರ್ ಗಟ್ಟಿಯಾಗುತ್ತಿದ್ದರೆ, ಇಲ್ಲವೇ ವೈರಸ್ ಎಣಿಕೆ 2,000 ದಾಟಿ, ಲಿವರಿಗಾದ ಪೆಟ್ಟನ್ನು ರಕ್ತದಲ್ಲಿ ತೋರಿಸುವ ಎಎಲ್‌ಟಿಯೂ ಏರಿದ್ದರೆ, ಬಸುರಿಯಿರಲಿ ಬಾಣಂತಿಯಿರಲಿ, ವರ್ಷಗಟ್ಟಲೆ ನುಂಗಬೇಕಾಗುತ್ತದೆ. ಮನೆತನದಲ್ಲಿ ಲಿವರ್ ರೋಗವಿದ್ದರೂ ಡಾಕ್ಟರರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮಜ್ಜ ಜಲೋದರದಿಂದ ತೀರಿಕೊಂಡರು. ಕಾರಣವೇನೆಂದು ಆಗ ಯಾರೂ ಕೇಳಲಿಲ್ಲ. ಅದನ್ನು ಮುಚ್ಚಿಡದೆ ಹೇಳು. ಗುಳಿಗೆ ವೈರಸ್ಸನ್ನು ಅದುಮಿಡುತ್ತದೆ, ಬೇರುಸಹಿತ ಕೀಳುವುದು ಅಪರೂಪ. ಹಾಗಾಗಿ ಮನಸ್ಸಿಗೆ ಬಂದಾಗ ಬಿಡುವಂತಿಲ್ಲ. ನುಂಗುವಷ್ಟು ದಿನ ಮೂತ್ರಪಿಂಡದ ತಪಾಸಣೆಯೂ ನಡೆದಿರಬೇಕು.

ನನ್ನ ಚಿಂತೆ ಬಾಣಂತನದ್ದು. ತವರಿಗೆ ಬಂದ ಮೇಲೆ ಎಲ್ಲರೂ ಕೂಸಿನ ತೂಕ ಕೇಳುತ್ತಾರೆ, ತಾಯಿಯ ರಕ್ತದ ಮಾತು ಯಾರೂ ಎತ್ತುವುದಿಲ್ಲ. ಗುಳಿಗೆ ನಿಲ್ಲಿಸಿದರೆ ಲಿವರಿನ ಉರಿಯೂತ ಕೆರಳುವ ಸಂಭವವಿರುವುದೇ ಆ ತಿಂಗಳುಗಳಲ್ಲಿ. ಆರು ತಿಂಗಳ ತನಕ ರಕ್ತ ತೋರಿಸುತ್ತಿರಬೇಕು. ಆದ್ದರಿಂದ ‘ಹೆರಿಗೆಯಾದ ಮೇಲೆ ನಿಲ್ಲಿಸುವುದೋ, ಮುಂದುವರಿಸುವುದೋ? ನಿಲ್ಲಿಸಿದರೆ ಮುಂದಿನ ತಪಾಸಣೆ ಯಾವಾಗ?’ ಎಂದು ಈಗಲೇ ಕೇಳಿ ತಾಯಿ ಕಾರ್ಡಿನಲ್ಲಿ ಬರೆಸಿಕೋ. ಗುಳಿಗೆ ನುಂಗುತ್ತಲೇ ಎದೆಹಾಲು ಕೊಡಬಹುದು. ಹಾಲು ಬಿಡಿಸು ಎಂದವರ ಮಾತು ಕೇಳಬೇಡ. ಕೂಸಿಗೆ 9ರಿಂದ 12 ತಿಂಗಳೊಳಗೆ ರಕ್ತ ತಪಾಸಣೆ ಆಗಲೇಬೇಕು.

ಖರ್ಚಿಗೆ ಅಂಜಬೇಡ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ತಪಾಸಣೆ, ಗುಳಿಗೆ ಎರಡೂ ಪುಕ್ಕಟೆ. ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯ ಕೆಎಂಸಿ-ಆರ್‌ಐನಲ್ಲೋ (ಮೊದಲಿನ ಕಿಮ್ಸ್) ವಿಚಾರಿಸು. ಜೊತೆಗೆ ನಾನು ಬರುತ್ತೇನೆ.

ಕುಬಸಕ್ಕೆ ಯಾವ ಬಣ್ಣದ ಸೀರೆ ಬೇಕೆಂದು ನಿಧಾನಕ್ಕೆ ತಿಳಿಸು. ವೈರಸ್ ಎಣಿಕೆ, ಎಎಲ್‌ಟಿ ಎಷ್ಟು ಬಂದವು ಎಂಬುದನ್ನು ಮಾತ್ರ ಮರುಟಪಾಲಿಗೇ ಬರೆ.

ನಿನ್ನ ದೊಡ್ಡವ್ವ