ಮಗನ ಮನೋವ್ಯಥೆಯೂ ಮನೆಯವರ ದಾಸೋಹವೂ

ಬಸವಣ್ಣನವರು ಜನಿಸಿದ ಬಸವನ ಬಾಗೇವಾಡಿಯ ಸುತ್ತಣ ನಾಡು ಜೋಳ-ತೊಗರಿಗಳ ನಾಡು. ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಮಕ್ಕಳಲ್ಲಿ ಹಲವರು ಸೇನೆಯಲ್ಲಿ ಕಾಯಕ ನಡೆಸುತ್ತಿರುವರು. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯೂ ನಡೆದುಬಂದಿದೆ. ಮಗನು ಸಮವಸ್ತ್ರ ಧರಿಸಿ ಬಂದ ದಿನ ಊರೇ ಹಿಗ್ಗುವುದು. ಅದೇ ಮಗನು ರಜೆಯಲ್ಲಿ ಬಂದು ಮಾತು ಬಿಟ್ಟು ಕುಳಿತರೆ, ಆ ಹಿಗ್ಗೇ ತಾಯಿತಂದೆಗಳ ಬಾಯಿ ಕಟ್ಟುವುದು. ಇಂತಹ ಸಮಯದಲ್ಲಿ ಶರಣಮಾರ್ಗವು ಗೃಹಸ್ಥನಿಗೆ ಏನನ್ನು ಬೋಧಿಸುವುದು?

ಮೊದಲ ಬೋಧೆ, ಮನದ ನೋವನ್ನು ಮರೆಮಾಚದಿರುವುದು. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ತಮ್ಮ ಮನದ ಚಂಚಲತೆಯನ್ನು ಕೊಂಬೆಯ ಮೇಲಿನ ಕೋತಿಗೆ ಹೋಲಿಸಿ ಕೂಡಲಸಂಗಮದೇವನ ಮುಂದೆ ತೆರೆದಿಟ್ಟರು. ಅದರಿಂದ ಅವರ ಹಿರಿಮೆ ಕುಂದಲಿಲ್ಲ. ಹಾಗಿರಲು ಗಡಿ ಕಾಯುವ ಮಗನ ಮನಸ್ಸು ದಣಿದರೆ ಅದು ಹೇಡಿತನವೂ ಅಲ್ಲ, ಮನೆತನಕ್ಕೆ ಕಳಂಕವೂ ಅಲ್ಲ.

ಇಂಡಿ ತಾಲ್ಲೂಕಿನ ಒಂದು ಮನೆಯನ್ನು ಭಾವಿಸೋಣ. ರಜೆಗೆ ಬಂದ ಮಗನಿಗೆ ನಿದ್ರೆಯಿಲ್ಲ, ಊಟ ಸೇರದು. ಸಣ್ಣ ಮಾತಿಗೆ ಸಿಡುಕು. ಗಾಳಿ ಸೋಕಿದೆಯೆಂದು ನೆರೆಯವರು, ಮದುವೆ ಮಾಡಿದರೆ ಸರಿಹೋದೀತೆಂದು ಬಂಧುಗಳು. ಎರಡೂ ಮದ್ದಲ್ಲ. ಮಾಟ-ಶಕುನಗಳನ್ನು ಶರಣರು ಒಪ್ಪಲಿಲ್ಲ. ಇನ್ನೊಬ್ಬಳ ಬಾಳನ್ನು ಔಷಧವಾಗಿ ಬಳಸುವುದು ಧರ್ಮವೂ ಅಲ್ಲ. ತಾಯಿಯು ಬಳಿಯಲ್ಲಿ ಕುಳಿತು, "ತಮ್ಮಾ, ಜೀವ ಬ್ಯಾಡಾಗೇದೇನು? ನನ್ನ ಮುಂದ ಹೇಳು" ಎಂದು ನೇರವಾಗಿ ಕೇಳುವುದೇ ಲೇಸು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟದು. ಇದ್ದ ಯೋಚನೆಯ ಭಾರ ಇಳಿದೀತು. ಸಾವಿನ ಮಾತು ಬಂದರೆ ಒಬ್ಬನನ್ನೇ ಬಿಡಲಾಗದು. ಬೆಳೆಗೆಂದು ಮನೆಯಲ್ಲಿಟ್ಟ ಕೀಟನಾಶಕವನ್ನು ಅಂದೇ ಹೊರಗೆ ಸಾಗಿಸಿ ಬೀಗ ಹಾಕಬೇಕು. ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಎರಡನೆಯ ಬೋಧೆ, ಅರಿವಿನಿಂದ ನಡೆಯುವುದು. ಮಮತೆಯಿಂದ ಮಗನನ್ನು ಅಡಗಿಸಿಟ್ಟು, ರಜೆ ಮುಗಿದರೂ ಕಳುಹದಿರುವ ತಂದೆ ಅವನಿಗೆ ಹೊಸ ಸಂಕಟ ತಂದೊಡ್ಡುವನು. 1950ರ ಸೇನಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ 30 ದಿನ ಗೈರುಹಾಜರಾದವನ ವಿಷಯದಲ್ಲಿ ವಿಚಾರಣೆ ನಡೆಯುವುದು. ಸಾಕಷ್ಟು ಕಾರಣ ಕಾಣದಿದ್ದರೆ ಪಲಾಯನ ಮಾಡಿದವನೆಂದು ಗಣನೆಯಾದಾನು. ಆದುದರಿಂದ ರಜೆ ಮುಗಿಯುವ ಮುನ್ನವೇ ಹತ್ತಿರದ ಸೇನಾ ಆಸ್ಪತ್ರೆಗೆ ಅವನನ್ನು ಒಯ್ಯಬೇಕು. ಅದು ದೂರವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ವೈದ್ಯರ ಪತ್ರದೊಡನೆ ಅವನ ಘಟಕದ ಅಧಿಕಾರಿಗೆ ಕೂಡಲೇ ತಿಳಿಸಬೇಕು. ಬೆಳಗಾವಿಯಲ್ಲಿ ಸೇನಾ ಆಸ್ಪತ್ರೆಯೂ ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಚಿಕಿತ್ಸಾಲಯವೂ ಇವೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸೈನಿಕರಿಗಾಗಿ ಅದರದೇ ವಿಶೇಷ ಶಾಖೆಯು 2023ರಲ್ಲಿ ಪುಣೆಯಲ್ಲಿ ತೆರೆಯಿತು.

ನೌಕರಿ ಹೋದೀತೆಂಬ ಭಯವು ಸಹಜ. ಆದರೆ ಸೇನೆಯ ವೈದ್ಯಕೀಯ ವರ್ಗೀಕರಣದಲ್ಲಿ ಕಿವಿ, ಕಣ್ಣು, ಕೈಕಾಲುಗಳಂತೆ ಮನಸ್ಸಿನ ಸ್ಥಿತಿಗೂ ಒಂದು ಸ್ಥಾನವುಂಟು. ಅಸ್ವಸ್ಥನಾದವನನ್ನು ಕೆಲಕಾಲ ಕೆಳವರ್ಗದಲ್ಲಿಟ್ಟು, ಹಗುರ ಕೆಲಸ ಕೊಟ್ಟು, ಮತ್ತೆ ಪರೀಕ್ಷಿಸುವರು. ಗುಣವಾದವನು ಮೇಲಿನ ವರ್ಗಕ್ಕೆ ಮರಳಬಹುದು. ಎಲ್ಲರೂ ಮರಳುವರೆಂದಲ್ಲ, ಸೇವೆ ಬಿಡಬೇಕಾದವರೂ ಉಂಟು. ಅಂತಹವನಿಗೆ ಬೇರೊಂದು ಕಾಯಕವಿದ್ದೇ ಇದೆ. ಕಾಯಕಗಳಲ್ಲಿ ಮೇಲು-ಕೀಳೆಣಿಸದವರೇ ಶರಣರು.

ಮೂರನೆಯ ಬೋಧೆ, ದಾಸೋಹಭಾವ. ಬೆಳೆದ ಮಗನು ಕೂಸಲ್ಲ. ಅವನನ್ನು ಕೇಳದೆ ಅವನ ವಿಷಯವನ್ನು ಊರಿಗೆ ಹೇಳಬಾರದು. ಜೀವಕ್ಕೆ ಅಪಾಯವಿದ್ದಾಗ ಮಾತ್ರ ವೈದ್ಯರಿಗೂ ಅಧಿಕಾರಿಗೂ ತಿಳಿಸಲು ಅಳುಕಬಾರದು. ಅವನೊಡನೆ ಕುಳಿತು ಇಷ್ಟಲಿಂಗ ಪೂಜಿಸಬಹುದು. ಆದರೆ ಪೂಜೆಯ ನೆಪದಲ್ಲಿ ಗುಳಿಗೆ ನಿಲ್ಲಿಸಬಾರದು. ಕರ್ತವ್ಯಕ್ಕೆ ಮರಳಿದ ಮೇಲೂ ವಾರವಾರ ಮಾತನಾಡಿಸುತ್ತಿರಬೇಕು. ಮನೆಯ ಸಾಲ, ಹೊಲದ ವ್ಯಾಜ್ಯಗಳನ್ನು ಅವನ ತಲೆಗೆ ಹೊರಿಸಬಾರದು. ದಣಿದ ತಾಯಿತಂದೆಗಳಿಗೂ ಒಂದು ಆಸರೆ ಬೇಕು. ಅದನ್ನು ನೆರೆಯ ಭಕ್ತರು ನೀಡತಕ್ಕದ್ದು.

ದೇಶ ಕಾಯುವವನನ್ನು ಕಾಯುವುದೂ ಕಾಯಕವೇ. ನಾಚದೆ ಕೇಳುವುದು, ಅರಿತು ನಡೆಯುವುದು, ಬೇಸರಿಸದೆ ಜೊತೆಗಿರುವುದು: ಈ ಮೂರನ್ನು ಆಚರಿಸಿದ ಮನೆಯಲ್ಲಿ ದಯೆಯು ಬರಿಯ ಮಾತಾಗಿ ಉಳಿಯದು.