ಥೈರಾಯ್ಡ್ ಮಾತ್ರೆಯೂ ಮುಂಜಾವಿನ ಕಾಫಿಯೂ

ಮಲ್ಲಂದೂರಿನಂತಹ ಕಾಫಿ ಸೀಮೆಯ ಊರುಗಳಲ್ಲಿ ನಮ್ಮ ಬೆಳಗು ಆರಂಭವಾಗುವುದೇ ಕಾಫಿಯಿಂದ. ಥೈರಾಯ್ಡ್ ಮಾತ್ರೆ ಸೇವಿಸುವವರಿಗೆ ಈ ರೂಢಿಯೇ ತೊಡಕಾಗಬಲ್ಲದು. ಅದನ್ನು ಸರಿಪಡಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಮೇಲೆರಗಿ ಅದನ್ನು ಕ್ರಮೇಣ ದುರ್ಬಲಗೊಳಿಸುವ ರೋಗವೊಂದುಂಟು. ಜಪಾನಿನ ವೈದ್ಯ ಹಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು. ಸ್ತ್ರೀಯರಲ್ಲಿ ಇದು ಹೆಚ್ಚು. ಆಯಾಸ, ಮೈತೂಕದ ಏರಿಕೆ, ಮಲಬದ್ಧತೆ, ಚಳಿಯನ್ನು ತಾಳಲಾರದಿರುವುದು ಇದರ ಲಕ್ಷಣಗಳು. ಈ ಆಯಾಸವನ್ನು ಮನೆಯವರು ಸೋಮಾರಿತನವೆಂದು ಬಗೆಯಬಾರದು.

ಮಲೆನಾಡಿನಲ್ಲಿ ಹಿಂದೆ ಕಾಣುತ್ತಿದ್ದ ಗಳಗಂಡಕ್ಕೆ ಅಯೋಡಿನ್ ಕೊರತೆ ಮುಖ್ಯ ಕಾರಣ. ಅದರ ನಿವಾರಣೆಗೆಂದೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಹಶಿಮೊಟೊ ರೋಗವು ಅದಕ್ಕಿಂತ ಭಿನ್ನ. ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪು ಸಾಕು. ಹೆಚ್ಚಿನ ಅಯೋಡಿನ್ ಸೇವಿಸಿದರೆ ರೋಗ ಉಲ್ಬಣಿಸಲೂಬಹುದು.

ಗ್ರಂಥಿ ಸೋತಾಗ ವೈದ್ಯರು ಕೊಡುವ ಲಿವೋಥೈರಾಕ್ಸಿನ್ ಮಾತ್ರೆ ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ. ಜೊತೆಯಲ್ಲೇ ಕಾಫಿ ಕುಡಿದರೆ ಔಷಧ ರಕ್ತಕ್ಕೆ ಸೇರುವ ಪ್ರಮಾಣ ಕುಗ್ಗುತ್ತದೆ. ಆದ್ದರಿಂದ ಬರಿಹೊಟ್ಟೆಯಲ್ಲಿ ನೀರಿನೊಡನೆ ಮಾತ್ರೆ ನುಂಗಿ, ಕಾಫಿ, ತಿಂಡಿಗಳಿಗೆ 30ರಿಂದ 60 ನಿಮಿಷ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಗಳ ಅಂತರವಿರಲಿ.

ಹೊಸ ಅಭ್ಯಾಸವನ್ನು ಹಳೆಯದಕ್ಕೆ ಹೆಣೆದರೆ ಅದು ಉಳಿಯುತ್ತದೆ. ಎದ್ದೊಡನೆ ಮಾತ್ರೆ, ಬಳಿಕ ಸ್ನಾನ, ಇಷ್ಟಲಿಂಗ ಪೂಜೆ, ಆಮೇಲೆ ಕಾಫಿ: ಈ ಕ್ರಮದಲ್ಲಿ ಬೇಕಾದ ಅಂತರ ತಾನಾಗಿಯೇ ದೊರೆಯುತ್ತದೆ. ಪೂಜೆಗೆ ಮುನ್ನ ಏನನ್ನೂ ಸೇವಿಸದ ನಿಯಮವುಳ್ಳವರು ರಾತ್ರಿಯೂಟವಾಗಿ 3 ಗಂಟೆ ಕಳೆದ ಮೇಲೆ ಮಾತ್ರೆ ಸೇವಿಸಬಹುದೇ ಎಂದು ವೈದ್ಯರನ್ನು ಕೇಳಲಿ. ಹಣ್ಣು ಕೊಯ್ಲಿನ ಕಾಲದಲ್ಲಿ ಬೇಗನೆ ತೋಟಕ್ಕೆ ಹೊರಡುವವರು ಹಿಂದಿನ ರಾತ್ರಿಯೇ ಮಾತ್ರೆಯನ್ನೂ ನೀರನ್ನೂ ಹಾಸಿಗೆಯ ಬಳಿ ಇರಿಸಿಕೊಳ್ಳಲಿ. ಮಳೆಗಾಲದ ತೇವ ತಗುಲದಂತೆ ಮಾತ್ರೆಯನ್ನು ಅದರ ಮೂಲ ಹೊದಿಕೆಯಲ್ಲೇ ಇಡಬೇಕು.

ಔಷಧದ ಪ್ರಮಾಣ ಬದಲಾದಾಗ 6ರಿಂದ 8 ವಾರಗಳಲ್ಲಿ ಟಿಎಸ್‌ಎಚ್ ರಕ್ತಪರೀಕ್ಷೆ ಅಗತ್ಯ. ಗರ್ಭ ನಿಂತೊಡನೆ ವೈದ್ಯರಿಗೆ ತಿಳಿಸಬೇಕು. ಶಿಶುವಿನ ಮಿದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ರಸವೇ ಮೊದಲ ಆಸರೆ. ಮೈ ಹಗುರಾಯಿತೆಂದು ಮಾತ್ರೆ ಬಿಡುವುದು ಸಲ್ಲದು. ಆ ಹಗುರವು ನಿತ್ಯದ ಮಾತ್ರೆಯಿಂದಲೇ ಬಂದದ್ದು.