ನೆರೆ ನಿಲ್ಲುವ ಬೈಲಿಗೆ ಯಾವ ಬೀಜ?

ಪ್ರಶ್ನೆ: ನಮಗೆ ಒಂದು ಎಕರೆ ಬೈಲುಗದ್ದೆ, ಮೇಲೆ ಸ್ವಲ್ಪ ಮಜಲು ಇದೆ. ಎರಡು ವರ್ಷದಿಂದ ಆಷಾಢದ ನೆರೆಗೆ ನಾಟಿ ಕೊಳೆತು, ಊಟದ ಅಕ್ಕಿಯನ್ನೂ ಅಂಗಡಿಯಿಂದ ತರುತ್ತಿದ್ದೇವೆ. ಹಡಿಲು ಬಿಡುವುದೇ ಒಳ್ಳೆಯದೇ?
– ಓದುಗರು, ಸಿದ್ದಾಪುರ

ಉತ್ತರ: ಹಡಿಲು ಬಿಡಬೇಡಿ. ಒಮ್ಮೆ ಕಳೆ ಹಬ್ಬಿದರೆ ಗದ್ದೆಯನ್ನು ಮತ್ತೆ ಹದಕ್ಕೆ ತರುವುದೇ ದೊಡ್ಡ ಖರ್ಚು.

ತಗ್ಗಿನ ಗದ್ದೆಗೆ ‘ಸಹ್ಯಾದ್ರಿ ಪಂಚಮುಖಿ’ ಹಾಕಿ ನೋಡಿ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಈ ಕೆಂಪಕ್ಕಿ ತಳಿ ಕೆಲವು ದಿನ ನೀರಲ್ಲಿ ಮುಳುಗಿದರೂ ತಾಳುತ್ತದೆ. ಬೀಜಕ್ಕೆ ಏಪ್ರಿಲ್‌ನಲ್ಲೇ ವಿಚಾರಿಸಿ. ಮಜಲಿಗೆ ನಿಮಗೆ ಒಗ್ಗಿದ ಎಂ.ಒ. 4 ಇರಲಿ, ಎಲ್ಲ ಗದ್ದೆಗೂ ಒಂದೇ ತಳಿ ಬೇಡ.

ಮಜಲಿನಲ್ಲಿ ಸ್ವಲ್ಪ ಹೆಚ್ಚುವರಿ ಅಗೆ ಉಳಿಸಿಕೊಳ್ಳಿ. ನೆರೆ ಇಳಿದ ಕೂಡಲೇ ಅಂಚು ಕಡಿದು ನೀರು ಬಸಿಯಿರಿ, ಕೊಳೆತ ಬುಡಗಳ ಜಾಗಕ್ಕೆ ಆ ಅಗೆ ನೆಡಿ. ನಿಂತ ನೀರಿಗೆ ಯೂರಿಯಾ ಎರಚಬೇಡಿ. ಹೊಸ ಎಲೆ ಒಡೆದ ಮೇಲೆ ಮೇಲುಗೊಬ್ಬರ ಕೊಡಿ. ಮಳೆಗೆ ಮೊದಲೇ ನೆರೆಯವರೊಂದಿಗೆ ಸೇರಿ ತೋಡಿನ ಹೂಳು ತೆಗೆಸಿ. ಕೊಯ್ಲಾದ ಮೇಲೆ ಉಳಿದ ತೇವದಲ್ಲೇ ಉದ್ದು ಬಿತ್ತಿ. ಮನೆಗೆ ಬೇಳೆ, ಮಣ್ಣಿಗೆ ಸಾರ.

ಮುಂಗಾರು ಭತ್ತದ ಫಸಲ್ ಬಿಮಾಕ್ಕೆ ನಿಮ್ಮ ಪಾಲು ವಿಮಾ ಮೊತ್ತದ ಶೇ. 2 ಮಾತ್ರ, ಕೊನೆಯ ದಿನಾಂಕವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಶೇ. 33ಕ್ಕಿಂತ ಹೆಚ್ಚು ಬೆಳೆ ಹೋದರೆ ಫೋಟೊ ತೆಗೆದಿಟ್ಟು, ತಡಮಾಡದೆ ಗ್ರಾಮ ಆಡಳಿತ ಅಧಿಕಾರಿಗೆ ಪರಿಹಾರದ ಅರ್ಜಿ ಕೊಡಿ.

ನೀರಿಳಿದು ವಾರವಾದರೂ ಹೊಸ ಎಲೆ ಬಾರದಿದ್ದರೆ, ಎಲೆಯಲ್ಲಿ ಚುಕ್ಕೆ ಕಂಡರೆ, ಬುಡಸಮೇತ ಸಸಿ ಕಿತ್ತುಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅವರು ನೋಡುವ ಮೊದಲು ಔಷಧ ಹೊಡೆಯಬೇಡಿ.